ಯಾರಿಗೆ ಸಲ್ಲುತ್ತದೆ ನಿತ್ಯ ವರ್ತಮಾನ?

ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಾಲಗಳ ಪಾಠ ಸಾಮಾನ್ಯವಾಗಿ ಸಿಂಪಲ್ ಪ್ರೆಸೆಂಟ್‌ನಿಂದ ಶುರುವಾಗುತ್ತದೆ. ಬೋರ್ಡಿನ ಮೇಲೆ ಬೀಳುವ ಮೊದಲ ಉದಾಹರಣೆಯೂ ಹೆಚ್ಚುಕಡಿಮೆ ಒಂದೇ: ‘ದಿ ಸನ್ ರೈಸಸ್ ಇನ್ ದಿ ಈಸ್ಟ್’. ಅದರ ಕೆಳಗೆ ‘ಸಾಮಾನ್ಯ ವರ್ತಮಾನ ಕಾಲ’ ಎಂದು ಬರೆದುಕೊಳ್ಳುವ ಹುಡುಗಿಗೆ ಒಂದು ಸಂಶಯ ಬಂದರೆ ಅದು ನ್ಯಾಯವಾದ ಸಂಶಯ. ಪಾಠ ನಡೆಯುತ್ತಿರುವುದು ಮಧ್ಯಾಹ್ನ ಮೂರು ಗಂಟೆಗೆ. ಸೂರ್ಯ ಆಗಲೇ ಪಶ್ಚಿಮಕ್ಕೆ ವಾಲಿದ್ದಾನೆ, ಆ ಊರಿನಲ್ಲಂತೂ ಹುಟ್ಟುತ್ತಿಲ್ಲ. ಆದರೂ ವಾಕ್ಯ ನಿಜ. ನಡುರಾತ್ರಿ ಹೇಳಿದರೂ ನಿಜ, ನೂರು ವರ್ಷ ಬಿಟ್ಟು ಹೇಳಿದರೂ ನಿಜ. ಹಾಗಿದ್ದ ಮೇಲೆ ಇದು ಯಾವ ಲೆಕ್ಕದಲ್ಲಿ ವರ್ತಮಾನ?

ಈ ಪ್ರಶ್ನೆ ವ್ಯಾಕರಣದ ಪುಸ್ತಕದೊಳಗೆ ಮುಗಿಯುವಂಥದ್ದಲ್ಲ. ‘ದೇವರು ಇದ್ದಾನೆ’ ಎಂದು ಆಸ್ತಿಕ ಹೇಳುವಾಗ, ‘ಎರಡು ಎರಡು ಸೇರಿದರೆ ನಾಲ್ಕಾಗುತ್ತದೆ’ ಎಂದು ಮೇಷ್ಟರು ಹೇಳುವಾಗ, ‘ಆ ಜನ ಸುಳ್ಳು ಹೇಳುತ್ತಾರೆ’ ಎಂದು ಜಗಲಿಯ ಮೇಲೆ ಕುಳಿತವರು ತೀರ್ಪು ಕೊಡುವಾಗ, ಮೂರೂ ಕಡೆ ಕ್ರಿಯಾಪದದ ರೂಪ ವರ್ತಮಾನದ್ದೇ. ಮೂರರಲ್ಲಿ ಯಾವುದೂ ಗಡಿಯಾರ ತೋರಿಸುವ ಈ ಕ್ಷಣದ ಮಾತಲ್ಲ. ಕಾಲದ ಹಂಗಿಲ್ಲದ ಮಾತಿಗೆ ಕಾಲದ ಉಡುಪು ತೊಡಿಸುವ ಈ ವ್ಯವಹಾರವನ್ನು ಭಾರತದ ವೈಯಾಕರಣರೂ ನೈಯಾಯಿಕರೂ, ರೋಮಿನ ಕ್ರೈಸ್ತ ಚಿಂತಕರೂ, ಇಪ್ಪತ್ತನೆಯ ಶತಮಾನದ ತರ್ಕಶಾಸ್ತ್ರಜ್ಞರೂ ಜಾಲಾಡಿದ್ದಾರೆ. ಅವರ ವಾದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ನಿತ್ಯವನ್ನು ಹೇಳುವ ವರ್ತಮಾನ ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬುದು ಧರ್ಮದ ಪ್ರಶ್ನೆಯಾಗಿರುವಷ್ಟೇ ನ್ಯಾಯದ ಪ್ರಶ್ನೆಯೂ ಹೌದು.

ಮೊದಲು ಇಂಗ್ಲಿಷಿನ ಸಂಗತಿ. ‘ಶಿ ಸಿಂಗ್ಸ್’ ಎಂದರೆ ಹಾಡುವುದು ಅವಳ ರೂಢಿ, ಇಲ್ಲವೇ ವೃತ್ತಿ. ಹಾಗೆ ಹೇಳುವ ಹೊತ್ತಿಗೆ ಅವಳು ನಿದ್ದೆ ಮಾಡುತ್ತಿರಬಹುದು. ಈಗ ಹಾಡು ಕೇಳಿಸುತ್ತಿದ್ದರೆ ‘ಶಿ ಈಸ್ ಸಿಂಗಿಂಗ್’ ಎನ್ನಬೇಕು. ಈ ಕಟ್ಟುನಿಟ್ಟು ಇಂಗ್ಲಿಷಿಗೆ ಹುಟ್ಟಿನಿಂದ ಬಂದದ್ದಲ್ಲ. 1600ರ ಸುಮಾರಿಗೆ ಷೇಕ್ಸ್‌ಪಿಯರ್ ಬರೆದ ‘ಹ್ಯಾಮ್ಲೆಟ್’ ನಾಟಕದಲ್ಲಿ, ಪುಸ್ತಕ ಹಿಡಿದು ಬರುವ ರಾಜಕುಮಾರನನ್ನು ಪೊಲೋನಿಯಸ್ ಏನು ಓದುತ್ತಿದ್ದೀರಿ ಎಂದು ಕೇಳುವುದು ಸಿಂಪಲ್ ಪ್ರೆಸೆಂಟ್‌ನಲ್ಲೇ. ಇವತ್ತಿನ ವಿದ್ಯಾರ್ಥಿ ಹಾಗೆ ಬರೆದರೆ ಅಂಕ ಹೋಗುತ್ತದೆ. ಆಮೇಲಿನ ಶತಮಾನಗಳಲ್ಲಿ ಕಂಟಿನ್ಯುಯಸ್ ರೂಪದ ಬಳಕೆ ಹರಡುತ್ತ ಹೋಯಿತು. ‘ಈಗ ನಡೆಯುತ್ತಿರುವುದು’ ಅದರ ಪಾಲಾಯಿತು. ಸಿಂಪಲ್ ಪ್ರೆಸೆಂಟ್‌ಗೆ ಉಳಿದದ್ದು ರೂಢಿ, ನಿಯಮ, ಸ್ವಭಾವ, ಸ್ಥಿತಿ. ಹೆಸರಿನಲ್ಲಿ ವರ್ತಮಾನ ಉಳಿಯಿತು, ಕೆಲಸದಲ್ಲಿ ‘ಈಗ’ ಹೊರಗೆ ಹೋಯಿತು.

ಕನ್ನಡಿಗರು ಇಂಗ್ಲಿಷ್ ಕಲಿಯುವಾಗ ಹೆಚ್ಚಾಗಿ ಎಡವುವುದು ಇಲ್ಲೇ. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದವರನ್ನು ಟೀಚರು ತಿದ್ದುತ್ತಾರೆ, ಕಾರಣ ಹೇಳುವವರು ಕಡಿಮೆ. ಅಣ್ಣತಮ್ಮಂದಿರು ಇರುವುದು ಶುರುವಾಗಿ ನಡೆದು ಮುಗಿಯುವ ಕೆಲಸವಲ್ಲ, ಒಂದು ಸ್ಥಿತಿ. ತಿಳಿದಿರುವುದು, ಪ್ರೀತಿಸುವುದು, ನಂಬುವುದು ಇವುಗಳನ್ನೂ ಇಂಗ್ಲಿಷ್ ಸ್ಥಿತಿಗಳ ಪಟ್ಟಿಗೇ ಸೇರಿಸುತ್ತದೆ. ಕ್ರೈಸ್ತರ ಶ್ರದ್ಧಾಘೋಷಣೆ ಲ್ಯಾಟಿನ್ನಿನಲ್ಲಿ ‘ಕ್ರೇದೊ’ ಎಂದೂ ಇಂಗ್ಲಿಷಿನಲ್ಲಿ ‘ಐ ಬಿಲೀವ್’ ಎಂದೂ ಆರಂಭವಾಗುತ್ತದೆ. ‘ಐ ಆ್ಯಮ್ ಬಿಲೀವಿಂಗ್’ ಎಂದು ಯಾವ ಚರ್ಚಿನಲ್ಲೂ ಹೇಳುವುದಿಲ್ಲ. ನಂಬಿಕೆ ಈ ಭಾನುವಾರದ ಹನ್ನೊಂದು ಗಂಟೆಗೆ ಸಂಭವಿಸುವ ಘಟನೆಯಲ್ಲ ಎಂಬುದನ್ನು ವ್ಯಾಕರಣವೇ ಒಪ್ಪಿಕೊಂಡಂತೆ.

ಸಂಸ್ಕೃತದ ವೈಯಾಕರಣರು ಇದೇ ತೊಡಕನ್ನು ಬಹಳ ಹಿಂದೆಯೇ ಎದುರಿಸಿದರು. ಪಾಣಿನಿಯ ‘ಅಷ್ಟಾಧ್ಯಾಯಿ’ಯ ಮೂರನೆಯ ಅಧ್ಯಾಯದಲ್ಲಿ ವರ್ತಮಾನಕ್ಕೆ ‘ಲಟ್ ಲಕಾರ’ ಎಂಬ ಕ್ರಿಯಾಪದ ರೂಪವನ್ನು ವಿಧಿಸುವ ಪುಟ್ಟ ಸೂತ್ರವಿದೆ. ಅದರ ಮೇಲೆ ಕಾತ್ಯಾಯನ ಎತ್ತುವ ಆಕ್ಷೇಪಗಳು, ಕ್ರಿ.ಪೂ. 2ನೇ ಶತಮಾನದ ಪತಂಜಲಿ ‘ಮಹಾಭಾಷ್ಯ’ದಲ್ಲಿ ಅವುಗಳನ್ನು ಚರ್ಚಿಸುವ ರೀತಿ ಇಂದಿನ ಭಾಷಾವಿಜ್ಞಾನಿಯೂ ಕುಳಿತು ಓದಬೇಕಾದದ್ದು. ‘ಇಲ್ಲಿ ಅಧ್ಯಯನ ಮಾಡುತ್ತೇವೆ’ ಎಂದು ಶಿಷ್ಯರು ಹೇಳುತ್ತಾರೆ, ಹೇಳುವಾಗ ಊಟಕ್ಕೆ ಕುಳಿತಿರುತ್ತಾರೆ. ಅಧ್ಯಯನ ಆಗ ನಡೆಯುತ್ತಿಲ್ಲವಲ್ಲ, ವರ್ತಮಾನ ಹೇಗೆ ಸರಿಯಾದೀತು? ಪತಂಜಲಿಯ ಉತ್ತರ ಊಟದ ಎಲೆಯ ಮುಂದಿನಿಂದಲೇ ಬರುತ್ತದೆ. ‘ಊಟ ಮಾಡುತ್ತಿದ್ದಾನೆ’ ಎಂದು ಯಾರನ್ನು ಕುರಿತು ನಿಸ್ಸಂಶಯವಾಗಿ ಹೇಳುತ್ತೇವೋ ಅವನೂ ತುತ್ತಿನ ನಡುವೆ ನಗುತ್ತಾನೆ, ಮಾತಾಡುತ್ತಾನೆ, ನೀರು ಕುಡಿಯುತ್ತಾನೆ. ಹಿಡಿದ ಕೆಲಸ ಮುಗಿಯುವ ತನಕ ನಡುವಿನ ಬಿಡುವುಗಳೂ ಆ ಕೆಲಸದೊಳಗೇ ಸೇರುತ್ತವೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬೆಟ್ಟಗಳು ನಿಂತಿವೆ, ನದಿಗಳು ಹರಿಯುತ್ತವೆ ಎನ್ನುವಾಗಲೂ ಲಟ್ ಲಕಾರವೇ ಬರುತ್ತದೆ. ಬೆಟ್ಟ ಎಂದೂ ನಿಂತೇ ಇದೆ. ಹಿಂದು, ಇಂದು, ಮುಂದು ಎಂಬ ಭಾಗಗಳೇ ಇಲ್ಲದ ಕಡೆ ‘ಇಂದು’ ಎಂಬುದಕ್ಕೆ ಅರ್ಥವೇನು? ಇದಕ್ಕೆ ಮಹಾಭಾಷ್ಯ ಕೊಡುವ ಪರಿಹಾರ ಸೊಗಸಾದದ್ದು. ಬೆಟ್ಟಕ್ಕೆ ತನ್ನದೇ ಆದ ಕಾಲವಿಭಾಗ ಇಲ್ಲದಿದ್ದರೂ ರಾಜರು ಬರುತ್ತಾರೆ, ಹೋಗುತ್ತಾರೆ. ಹಿಂದಿನ, ಇಂದಿನ, ಮುಂದಿನ ರಾಜರ ಕಾರ್ಯಗಳ ಆಧಾರದ ಮೇಲೆ ಬೆಟ್ಟದ ‘ನಿಲ್ಲುವಿಕೆ’ಗೂ ಕಾಲ ಸಿಗುತ್ತದೆ. ನಿತ್ಯವಾದದ್ದರ ಬಗ್ಗೆ ವರ್ತಮಾನದಲ್ಲಿ ಮಾತಾಡುವವರು ಅಳಿಯುವ ಮನುಷ್ಯರು. ಕಾಲ ಇರುವುದು ಬೆಟ್ಟದ ಕಡೆಗಲ್ಲ, ಬೆಟ್ಟವನ್ನು ನೋಡಿ ಮಾತಾಡುವವರ ಕಡೆಗೆ. ದೇವರ ಬಗೆಗಿನ ಎಷ್ಟೋ ವಾದಗಳಿಗೆ ಈ ಒಂದು ವಿವೇಕ ಸಾಕಾಗುತ್ತದೆ.

ವರ್ತಮಾನ ಎಂಬುದೇ ಇಲ್ಲ ಎಂದವರೂ ಇದ್ದರು. ನೈಯಾಯಿಕರ ಮೂಲಗ್ರಂಥವಾದ ‘ನ್ಯಾಯಸೂತ್ರ’ದ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷದ ವಾದ ಹೀಗಿದೆ: ತೊಟ್ಟು ಕಳಚಿ ಬೀಳುವ ಹಣ್ಣು ದಾಟಿ ಬಂದ ದಾರಿ ಭೂತ, ದಾಟಬೇಕಾದ ದಾರಿ ಭವಿಷ್ಯ, ಮೂರನೆಯ ದಾರಿಯೇ ಇಲ್ಲ. ಬೌದ್ಧ ದಾರ್ಶನಿಕ ನಾಗಾರ್ಜುನ ತನ್ನ ‘ಮೂಲಮಧ್ಯಮಕಕಾರಿಕೆ’ಯ ಎರಡನೆಯ ಪ್ರಕರಣದಲ್ಲಿ ನಡಿಗೆಯನ್ನು ಇದೇ ಬಗೆಯ ಇಕ್ಕಳಕ್ಕೆ ಸಿಕ್ಕಿಸುತ್ತಾನೆ. ನೈಯಾಯಿಕರು ಬಿಡಲಿಲ್ಲ. ವರ್ತಮಾನವನ್ನು ತೆಗೆದುಹಾಕಿದರೆ ಭೂತ, ಭವಿಷ್ಯಗಳಿಗೂ ನೆಲೆ ತಪ್ಪುತ್ತದೆ. ಕಣ್ಣೆದುರಿಗಿರುವುದನ್ನು ಕಾಣುವ ಪ್ರತ್ಯಕ್ಷಜ್ಞಾನವೇ ಅಸಾಧ್ಯವಾಗುತ್ತದೆ ಎಂದರು. ಭಾಷ್ಯಕಾರ ವಾತ್ಸ್ಯಾಯನ ಇದನ್ನು ಅಡುಗೆಮನೆಗೆ ತಂದು ತೋರಿಸುತ್ತಾನೆ. ‘ಅಡುಗೆ ಮಾಡುತ್ತಾನೆ’ ಎಂಬ ಒಂದು ಕ್ರಿಯಾಪದದೊಳಗೆ ಎಷ್ಟು ಕೆಲಸಗಳಿವೆ: ಒಲೆಯ ಮೇಲೆ ಪಾತ್ರೆ ಇಡುವುದು, ನೀರು ಹೊಯ್ಯುವುದು, ಅಕ್ಕಿ ಹಾಕುವುದು, ಸೌದೆ ಒಳಗೆ ತಳ್ಳುವುದು, ಉರಿ ಹೊತ್ತಿಸುವುದು, ಸೌಟಿನಿಂದ ಕಲಕುವುದು, ಗಂಜಿ ಬಸಿಯುವುದು, ಕೆಳಗಿಳಿಸುವುದು. ಈ ಇಡೀ ಸರಣಿಗೆ ಒಂದು ವರ್ತಮಾನ. ಮರ ಕಡಿಯುವವನ ವಿಷಯದಲ್ಲಾದರೆ ಕೊಡಲಿ ಎತ್ತಿ ಎತ್ತಿ ಹಾಕುವ ಒಂದೇ ಕೆಲಸದ ಪುನರಾವರ್ತನೆಗೆ ಒಂದು ವರ್ತಮಾನ.

ಅಷ್ಟಕ್ಕೇ ನಿಲ್ಲದೆ ವಾತ್ಸ್ಯಾಯನ ಇನ್ನೊಂದು ಭೇದ ಹೇಳುತ್ತಾನೆ. ಕ್ರಿಯೆಯಿಂದ ತಿಳಿಯುವ ವರ್ತಮಾನ ಒಂದು, ವಸ್ತುವಿನ ಇರುವಿಕೆಯಿಂದಲೇ ತಿಳಿಯುವ ವರ್ತಮಾನ ಇನ್ನೊಂದು. ಬೇಯಿಸುವ ಕ್ರಿಯೆಯಲ್ಲಿ ಆಗಿಹೋದದ್ದೂ ಆಗಬೇಕಾದದ್ದೂ ಬೆರೆತಿರುತ್ತವೆ. ‘ವಸ್ತು ಇದೆ’ ಎಂಬಲ್ಲಿ ಆ ಬೆರಕೆ ಇಲ್ಲ. ಸ್ಥಿತಿಯ ಕ್ರಿಯಾಪದಗಳನ್ನೂ ಕೆಲಸದ ಕ್ರಿಯಾಪದಗಳನ್ನೂ ಬೇರೆ ಮಾಡಿ ಕಲಿಸುವ ಇಂದಿನ ಇಂಗ್ಲಿಷ್ ವ್ಯಾಕರಣ ಹಿಡಿದಿರುವುದೂ ಇದೇ ಗೆರೆಯನ್ನು.

‘ಇದೆ’ ಎಂಬ ಆ ಬೆರಕೆಯಿಲ್ಲದ ವರ್ತಮಾನದ ಮೇಲೆಯೇ ಧರ್ಮಗಳು ತಮ್ಮ ಭಾರ ಹಾಕಿವೆ. ಆಸ್ತಿಕ, ನಾಸ್ತಿಕ ಎಂಬ ಪದಗಳನ್ನು ಪಾಣಿನಿ ಸಾಧಿಸುವುದು ‘ಅಸ್ತಿ’, ‘ನಾಸ್ತಿ’ ಎಂಬ ವರ್ತಮಾನ ರೂಪಗಳಿಂದ. ಬೌದ್ಧರಲ್ಲಿ ಸರ್ವಾಸ್ತಿವಾದಿಗಳು ಎಂಬ ಪಂಥವೇ ಇತ್ತು. ‘ಧರ್ಮ’ಗಳು, ಎಂದರೆ ಅಸ್ತಿತ್ವದ ಮೂಲ ಘಟಕಗಳು, ಮೂರು ಕಾಲಗಳಲ್ಲೂ ಇವೆ ಎಂಬ ವಾದದಿಂದ ಅವರಿಗೆ ಆ ಹೆಸರು ಬಂತು. ಏಳು ಬಗೆಯ ಹೇಳಿಕೆಗಳ ಕ್ರಮವಾದ ಜೈನರ ಸಪ್ತಭಂಗಿಯಲ್ಲೂ ಪರೀಕ್ಷೆಗೆ ನಿಲ್ಲುವುದು ಈ ‘ಅಸ್ತಿ’ಯೇ.

ಕ್ರೈಸ್ತರಲ್ಲಂತೂ ಒಂದು ಭೂತಕಾಲದ ಕ್ರಿಯಾಪದಕ್ಕಾಗಿ ಸಾಮ್ರಾಜ್ಯವೇ ಅಲುಗಾಡಿತು. ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್, ದೇವಪುತ್ರನೂ ಸೃಷ್ಟಿಯೇ, ಆದ್ದರಿಂದ ಅವನು ‘ಇಲ್ಲದಿದ್ದ’ ಒಂದು ಹಂತ ಇತ್ತು ಎಂದು ಬೋಧಿಸಿದ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಬಿಷಪ್ಪರ ಮಹಾಸಭೆ ಕರೆದ. ಸಭೆ ಒಪ್ಪಿದ ಶ್ರದ್ಧಾಘೋಷಣೆಯ ಕೊನೆಗೆ, ಪುತ್ರನ ಬಗ್ಗೆ ಹಾಗೆ ‘ಇರಲಿಲ್ಲ’ ಎನ್ನುವವರನ್ನು ಬಹಿಷ್ಕರಿಸುವ ಮಾತನ್ನೂ ಸೇರಿಸಲಾಯಿತು. ದೇವರ ಬಗ್ಗೆ ‘ಇರಲಿಲ್ಲ’ ಎಂಬ ಕ್ರಿಯಾಪದ ಬಳಸುವುದೇ ಪಾಷಂಡತನ ಎಂದು ಒಂದು ಮಹಾಸಭೆ ತೀರ್ಮಾನಿಸಿದ ಘಟನೆ ಇದು. ಅದಕ್ಕೂ ಹಿಂದೆ ಯೋಹಾನನ ಸುವಾರ್ತೆಯಲ್ಲಿ, ಅಬ್ರಹಾಮನಿಗಿಂತ ಮೊದಲಿನ ಮಾತಾಡುವಾಗಲೂ ಏಸು ತನ್ನ ಬಗ್ಗೆ ಭೂತಕಾಲ ಬಿಟ್ಟು ವರ್ತಮಾನವನ್ನೇ ಹಿಡಿಯುತ್ತಾನೆ, ಕೇಳಿದವರು ಕಲ್ಲೆತ್ತಿಕೊಳ್ಳುತ್ತಾರೆ.

ನೈಸಿಯಾದ ಸಭೆ ನಡೆದ ಇನ್ನೂರು ವರ್ಷಗಳ ನಂತರ ಈ ನಿತ್ಯ ವರ್ತಮಾನಕ್ಕೆ ತಾತ್ವಿಕ ರೂಪ ಕೊಟ್ಟವನು ರೋಮಿನ ಕ್ರೈಸ್ತ ಚಿಂತಕ ಬೊಯಿಥಿಯಸ್. ರಾಜದ್ರೋಹದ ಆರೋಪ ಹೊತ್ತು, ಮರಣದಂಡನೆಯನ್ನು ಎದುರು ನೋಡುತ್ತ, 524ರ ಸುಮಾರಿಗೆ ಸೆರೆಯಲ್ಲಿ ಬರೆದ ‘ತತ್ತ್ವಶಾಸ್ತ್ರದ ಸಾಂತ್ವನ’ ಎಂಬ ಗ್ರಂಥದ ಕೊನೆಯ ಭಾಗದಲ್ಲಿ ಅವನು ಕೇಳಿಕೊಳ್ಳುವ ಪ್ರಶ್ನೆ: ನಾಳೆ ಮನುಷ್ಯ ಏನು ಮಾಡುತ್ತಾನೆಂದು ದೇವರಿಗೆ ಇಂದೇ ಗೊತ್ತಿದ್ದರೆ ಮನುಷ್ಯನಿಗೆ ಸ್ವಾತಂತ್ರ್ಯವೆಲ್ಲಿ? ಅವನ ಉತ್ತರ, ದೇವರಿಗೆ ‘ನಾಳೆ’ ಎಂಬುದೇ ಇಲ್ಲ. ಎಲ್ಲ ಕಾಲವೂ ಅವನೆದುರು ಒಮ್ಮೆಗೇ ಇದೆ. ರಸ್ತೆಯಲ್ಲಿ ಒಬ್ಬ ನಡೆದು ಹೋಗುವುದನ್ನು ನೋಡುವವನು ಅವನನ್ನು ಬಲವಂತವಾಗಿ ನಡೆಸುವುದಿಲ್ಲ. ಹಾಗೆಯೇ ದೇವರು ಮುಂಗಾಣುವುದಿಲ್ಲ, ಕಾಣುತ್ತಾನೆ. ಸಾವಿನ ಬಾಗಿಲಲ್ಲಿ ಕುಳಿತವನಿಗೆ ಈ ಚಿಂತನೆ ಕೊಟ್ಟ ಧೈರ್ಯವನ್ನು ಯಾರೂ ಹಗುರವಾಗಿ ಕಾಣಲಾರರು. ಮುಂದೆ ಕ್ರೈಸ್ತ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಸಹ ಇದೇ ದಾರಿ ಹಿಡಿದ.

ಆದರೆ ಈ ದೇವರಿಗೆ ಒಂದು ಕೊರತೆ ಇದೆ ಎಂದು ತೋರಿಸಿದವರು ನ್ಯೂಜಿಲೆಂಡಿನ ತರ್ಕಶಾಸ್ತ್ರಜ್ಞ ಆರ್ಥರ್ ಪ್ರಯರ್. ಕಾಲಸೂಚಕ ವಾಕ್ಯಗಳಿಗೇ ಒಂದು ತರ್ಕವನ್ನು ಕಟ್ಟಿಕೊಟ್ಟ ಪ್ರಯರ್, 1959ರ ಒಂದು ಪುಟ್ಟ ಲೇಖನದಲ್ಲಿ, ಕಷ್ಟವೊಂದು ಕಳೆದ ಮೇಲೆ ‘ಸದ್ಯ, ಮುಗಿಯಿತಲ್ಲ’ ಎಂದು ಬಿಡುವ ನಿಟ್ಟುಸಿರನ್ನು ವಿಚಾರಿಸಿದರು. ಪರೀಕ್ಷೆ ಇಂಥ ತಾರೀಖಿಗೆ ಮುಗಿಯುತ್ತದೆ ಎಂಬುದು ಪರೀಕ್ಷೆಗೆ ಮೊದಲೂ ನಿಜ, ಆಮೇಲೂ ನಿಜ. ನೆಮ್ಮದಿ ಕೊಡುವುದು ಅದಲ್ಲ. ‘ಈಗ’ ಅದು ಹಿಂದಕ್ಕೆ ಸರಿದಿದೆ ಎಂಬುದೇ ನೆಮ್ಮದಿ. 1962ರ ಇನ್ನೊಂದು ಲೇಖನದಲ್ಲಿ ಪ್ರಯರ್ ಈ ಎಳೆಯನ್ನು ದೇವರ ತನಕ ಒಯ್ದರು: ಕಾಲದ ಹೊರಗಿರುವ ಸರ್ವಜ್ಞನಿಗೆ ಎಲ್ಲ ತಾರೀಖುಗಳೂ ಗೊತ್ತಿರಬಹುದು, ಆದರೆ ‘ಈಗ ಮುಗಿಯಿತು’ ಎಂಬುದು ಗೊತ್ತಾಗುವುದು ಹೇಗೆ? 1981ರಲ್ಲಿ ದಾರ್ಶನಿಕರಾದ ಎಲಿಯನೋರ್ ಸ್ಟಂಪ್ ಮತ್ತು ನಾರ್ಮನ್ ಕ್ರೆಟ್ಸ್‌ಮನ್ ಬೊಯಿಥಿಯಸ್‌ನ ಪರವಾಗಿ ನಿಂತು, ನಿತ್ಯತೆ ಮತ್ತು ಕಾಲ ಎರಡೂ ಹೇಗೆ ಒಟ್ಟಿಗಿರಬಲ್ಲವು ಎಂದು ವಾದಿಸಿದರು. ಚರ್ಚೆ ಇಂದೂ ನಡೆದಿದೆ.

ಈ ಚರ್ಚೆಯಲ್ಲಿ ಪಕ್ಷ ಹಿಡಿಯುವುದಾದರೆ ಭಕ್ತರ ಕಥೆಗಳು ಯಾವ ಕಾಲದಲ್ಲಿವೆ ಎಂದು ನೋಡಬೇಕು. ದಾರ್ಶನಿಕನ ದೇವರು ‘ಇದ್ದಾನೆ’. ಗಜೇಂದ್ರನ ದೇವರು ಮೊರೆ ಕೇಳಿ ‘ಬಂದ’. ಪ್ರಹ್ಲಾದನ ದೇವರು ಕಂಬದಿಂದ ‘ಹೊರಬಂದ’. ಬರುವುದಕ್ಕೆ ಬರದೇ ಇದ್ದ ಒಂದು ಹೊತ್ತು ಬೇಕು, ಕಾಯುವುದಕ್ಕೆ ಕಾಲ ಬೇಕು. ನಿತ್ಯ ವರ್ತಮಾನದಲ್ಲಿ ಮಾತ್ರ ಇರುವ ದೇವರ ಮುಂದೆ ಮೊರೆಯಿಡುವುದೆಂದರೇನು ಎಂಬ ಪ್ರಶ್ನೆಗೆ ತತ್ತ್ವಶಾಸ್ತ್ರ ಇನ್ನೂ ಸಮಾಧಾನಕರ ಉತ್ತರ ಕೊಟ್ಟಿಲ್ಲ.

ಇಂಗ್ಲಿಷಿಗಿರುವ ಒಂದು ಒತ್ತಡ ಕನ್ನಡಕ್ಕಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ‘ಗಾಡ್ ಈಸ್ ಗ್ರೇಟ್’ ಎನ್ನಲು ‘ಈಸ್’ ಬೇಕೇ ಬೇಕು, ಅದು ಬಂದ ಕೂಡಲೇ ಕಾಲವೂ ಬಂತು. ‘ದೇವರು ದೊಡ್ಡವನು’ ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಕಾಲವೂ ಇಲ್ಲ. ಹಳಗನ್ನಡದ ‘ಅರಿಯೆಂ’, ‘ಬಾರಂ’ ಮುಂತಾದ ನಿಷೇಧ ರೂಪಗಳು ಮೂರೂ ಕಾಲಕ್ಕೆ ಸಲ್ಲುತ್ತವೆ. ‘ಅಲ್ಲ’, ‘ಬೇಕು’, ‘ಉಂಟು’ ಇವು ಇಂದಿಗೂ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಸಂಸ್ಕೃತ ಎರಡೂ ದಾರಿಗಳನ್ನು ಇಟ್ಟುಕೊಂಡಿದೆ. ವೇದಾಂತಿಗಳು ಹೇಳುವ ನಾಲ್ಕು ಮಹಾವಾಕ್ಯಗಳ ಪೈಕಿ ಎರಡರಲ್ಲಿ ವರ್ತಮಾನದ ಕ್ರಿಯಾಪದ ಇದೆ, ಇನ್ನೆರಡರಲ್ಲಿ ಕ್ರಿಯಾಪದವೇ ಇಲ್ಲ. ಶಂಕರರಿಗೆ ಈ ಬಗೆಯ ಸೂಕ್ಷ್ಮ ಚೆನ್ನಾಗಿ ಗೊತ್ತಿತ್ತು. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ, ಮೊದಲು ಸತ್ ಒಂದೇ ಇತ್ತು ಎಂದು ಭೂತಕಾಲದಲ್ಲಿ ಹೇಳುತ್ತಾನೆ. ಹಾಗಾದರೆ ಈಗ ಇಲ್ಲವೇ ಎಂದು ಶಂಕರರು ತಾವೇ ಆಕ್ಷೇಪ ಎತ್ತಿ, ಈಗಲೂ ಇರುವುದು ಸತ್ತೇ, ಆದರೆ ನಾಮರೂಪಗಳ ಜೊತೆಗೆ ಇದೆ ಎಂದು ಸಮಾಧಾನ ಹೇಳುತ್ತಾರೆ.

ವರ್ತಮಾನಕ್ಕೆ ಇನ್ನೊಂದು ಶಕ್ತಿ ಇದೆ. ಆಕ್ಸ್‌ಫರ್ಡಿನ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅದನ್ನು ವಿವರಿಸಿದರು. ಅವು 1962ರಲ್ಲಿ ಪುಸ್ತಕವಾದವು. ‘ಐ ಪ್ರಾಮಿಸ್’ ಎನ್ನುವವನು ಮಾತು ಕೊಡುವ ಕ್ರಿಯೆಯನ್ನು ವರ್ಣಿಸುತ್ತಿಲ್ಲ, ಆ ಮಾತಿನಿಂದಲೇ ಮಾತು ಕೊಡುತ್ತಿದ್ದಾನೆ. ಹಡಗಿಗೆ ಹೆಸರಿಡುವುದು, ಬಾಜಿ ಕಟ್ಟುವುದು, ಉಯಿಲು ಬರೆಯುವುದು ಎಲ್ಲಕ್ಕೂ ಇಂಗ್ಲಿಷಿನಲ್ಲಿ ಉತ್ತಮಪುರುಷದ ಸಿಂಪಲ್ ಪ್ರೆಸೆಂಟ್ ರೂಪವೇ ಬೇಕು. ಹೇಳುವುದೂ ಮಾಡುವುದೂ ಅಲ್ಲಿ ಒಂದೇ.

ಇದರ ಅತ್ಯುತ್ತಮ ಉದಾಹರಣೆ ಕರ್ನಾಟಕದ ಸಾವಿರಾರು ಮನೆಗಳ ದೇವರ ಕೋಣೆಯಲ್ಲಿ ಸಿಗುತ್ತದೆ. ಪೂಜೆಯ ಸಂಕಲ್ಪ ‘ಕರಿಷ್ಯೇ’ ಎಂಬ ಭವಿಷ್ಯದ ಕ್ರಿಯಾಪದದಿಂದ ಮುಗಿಯುತ್ತದೆ: ಮಾಡುವೆನು ಎಂಬ ನಿಶ್ಚಯ. ಆಮೇಲೆ ಷೋಡಶೋಪಚಾರ ಆರಂಭವಾದದ್ದೇ ಕಾಲ ಬದಲಾಗುತ್ತದೆ. ಆಸನ, ಪಾದ್ಯ, ಅರ್ಘ್ಯ, ಸ್ನಾನ, ವಸ್ತ್ರ, ಗಂಧ, ಪುಷ್ಪ ಒಂದೊಂದಕ್ಕೂ ‘ಸಮರ್ಪಯಾಮಿ’, ದೀಪಕ್ಕೆ ‘ದರ್ಶಯಾಮಿ’. ರೇಷ್ಮೆ ವಸ್ತ್ರ ಇಲ್ಲವೇ, ಆಭರಣ ಇಲ್ಲವೇ, ಪರವಾಗಿಲ್ಲ. ಅದರ ಬದಲಿಗೆ ನಾಲ್ಕು ಕಾಳು ಅಕ್ಷತೆ ಹಿಡಿದು ಅದೇ ಕ್ರಿಯಾಪದ ಹೇಳಿದರೆ ಅರ್ಪಣೆ ನಡೆಯಿತು. ಬಡವನ ಮನೆಯ ಪೂಜೆಯೂ ಸಿರಿವಂತನ ಮನೆಯ ಪೂಜೆಯೂ ಒಂದೇ ತೂಕಕ್ಕೆ ಬರುವುದು ಆ ವರ್ತಮಾನದಲ್ಲಿ. ಬೌದ್ಧರ ತ್ರಿಶರಣದ ‘ಗಚ್ಛಾಮಿ’ಯೂ ಇದೇ ಜಾತಿಯದು, ಹೋಗುತ್ತೇನೆ ಎನ್ನುವವನು ಕುಳಿತಲ್ಲಿಂದ ಏಳುವುದಿಲ್ಲ, ಹೇಳಿದ್ದರಿಂದಲೇ ಶರಣು ಹೋಗಿರುತ್ತಾನೆ. ಶ್ರದ್ಧೆಗೆ ಅತ್ಯಂತ ಪ್ರಾಮಾಣಿಕವಾದ ವರ್ತಮಾನ ಇದೇ ಎನ್ನಬೇಕು. ಇಲ್ಲಿ ಮಾತಾಡುವವನು ಯಾರ ಬಗ್ಗೆಯೂ ತೀರ್ಪು ಕೊಡುತ್ತಿಲ್ಲ. ತನ್ನ ಮೇಲೆ ಒಂದು ಹೊಣೆ ಹೊರುತ್ತಿದ್ದಾನೆ.

ತೀರ್ಪು ಕೊಡುವ ವರ್ತಮಾನ ಬೇರೆಯೇ ಇದೆ, ಅಪಾಯವಿರುವುದು ಅಲ್ಲಿ. ‘ಸೊಳ್ಳೆಗಳು ಡೆಂಗಿ ಹರಡುತ್ತವೆ’ ಎನ್ನುತ್ತಾರೆ. ಸೊಳ್ಳೆಗಳ ಬಹುಪಾಲು ಜಾತಿಗಳು ಹರಡುವುದಿಲ್ಲ. ಹರಡುವ ಈಡಿಸ್ ಕುಲದಲ್ಲೂ ವೈರಾಣು ತಗುಲಿದ ಹೆಣ್ಣುಸೊಳ್ಳೆ ಮಾತ್ರ ಹರಡುತ್ತದೆ. ಆದರೂ ವಾಕ್ಯವನ್ನು ಎಲ್ಲರೂ ಒಪ್ಪುತ್ತಾರೆ. ‘ಹಕ್ಕಿಗಳು ಹಾರುತ್ತವೆ’ ಎಂಬ ವಾಕ್ಯವನ್ನು ಉಷ್ಟ್ರಪಕ್ಷಿ ಸುಳ್ಳಾಗಿಸಲಾರದು. ಸಿಂಪಲ್ ಪ್ರೆಸೆಂಟ್‌ನ ಇಂಥ ಸಾಮಾನ್ಯೀಕರಣಕ್ಕೆ ಎಷ್ಟು ಉದಾಹರಣೆ ಬೇಕು, ಎಷ್ಟು ಅಪವಾದ ಬಂದರೆ ಅದು ಬೀಳುತ್ತದೆ ಎಂಬ ಲೆಕ್ಕವೇ ಇಲ್ಲ. ಸೊಳ್ಳೆಯ ವಿಷಯದಲ್ಲಿ ಇದರಿಂದ ನಷ್ಟವಿಲ್ಲ. ಮನುಷ್ಯರ ವಿಷಯದಲ್ಲಿ ಇದೆ.

ಮನಶ್ಶಾಸ್ತ್ರಜ್ಞೆ ಮಾರ್ಜರಿ ರೋಡ್ಸ್, ತತ್ತ್ವಶಾಸ್ತ್ರಜ್ಞೆ ಸಾರಾ-ಜೇನ್ ಲೆಸ್ಲಿ ಮತ್ತು ಕ್ರಿಸ್ಟಿನಾ ಟ್ವೊರೆಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ತೋರಿಸಿಕೊಟ್ಟಿತು. ‘ಝಾರ್ಪಿ’ಗಳು ಎಂಬ ಕಲ್ಪಿತ ಜನರ ಚಿತ್ರಪುಸ್ತಕವನ್ನು ನಾಲ್ಕು ವರ್ಷದ ಆಸುಪಾಸಿನ ಮಕ್ಕಳಿಗೂ ದೊಡ್ಡವರಿಗೂ ಓದಿ ಹೇಳಿದರು. ಚಿತ್ರಗಳಲ್ಲಿದ್ದವರು ಬೇರೆ ಬೇರೆ ಬಣ್ಣದವರು, ಬೇರೆ ಬೇರೆ ವಯಸ್ಸಿನವರು, ಗಂಡಸರು, ಹೆಂಗಸರು. ಕೆಲವರಿಗೆ ಪ್ರತಿ ಪುಟದಲ್ಲೂ ‘ಝಾರ್ಪಿಗಳು ಹೀಗೆ ಮಾಡುತ್ತಾರೆ’ ಎಂಬ ಮಾದರಿಯ ವಾಕ್ಯ, ಇನ್ನು ಕೆಲವರಿಗೆ ‘ಈ ಝಾರ್ಪಿ ಹೀಗೆ ಮಾಡುತ್ತಾನೆ’ ಎಂಬ ಮಾದರಿಯದು. ಮೊದಲ ಬಗೆಯ ವಾಕ್ಯ ಕೇಳಿದವರು ಆ ಗುಣಗಳು ಹುಟ್ಟಿನಿಂದ ಬರುವಂಥವು ಎಂದು ನಂಬುವ ಕಡೆಗೆ ಹೆಚ್ಚು ವಾಲಿದರು. ಲೋಕದಲ್ಲೇ ಇಲ್ಲದ ಜನರ ಬಗ್ಗೆ ‘ಹುಟ್ಟುಗುಣ’ ಎಂಬ ಭಾವನೆ ಮೂಡಲು ವಾಕ್ಯದ ಒಂದು ರೂಪ ಸಾಕಾಯಿತು.

ಲೋಕದಲ್ಲಿ ಇರುವ ಜನರ ಮೇಲೆ ಈ ರೂಪ ಏನು ಮಾಡಿತು ಎಂಬುದಕ್ಕೆ ಭಾರತದ ಚರಿತ್ರೆ ಸಾಕ್ಷಿ. 1909ರಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ವಿವರಗಳನ್ನು ಹೊರತಂದ. ಇಂಥವರು ಇದನ್ನು ತಿನ್ನುತ್ತಾರೆ, ಇಂಥವರು ಹೀಗೆ ಮದುವೆಯಾಗುತ್ತಾರೆ ಎಂದು ಇಡೀ ಸಮುದಾಯವನ್ನು ಕಾಲವಿಲ್ಲದ ವರ್ತಮಾನದಲ್ಲಿ ಹಿಡಿದಿಡುವ ಈ ಬರವಣಿಗೆಯ ಕ್ರಮ, ಬೇರೆಯವರನ್ನು ಬದಲಾಗದವರಂತೆ ತೋರಿಸುತ್ತದೆ ಎಂದು ಮಾನವಶಾಸ್ತ್ರಜ್ಞ ಯೊಹಾನೆಸ್ ಫೇಬಿಯನ್ 1983ರಲ್ಲಿ ವಿಸ್ತಾರವಾಗಿ ವಿಮರ್ಶಿಸಿದರು. ಪುಸ್ತಕಕ್ಕಿಂತ ಕ್ರೂರವಾದದ್ದು ಕಾನೂನು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಕೆಲವು ಸಮುದಾಯಗಳನ್ನು ಒಟ್ಟಾಗಿ ಅಪರಾಧಿಗಳೆಂದು ಸಾರುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1911ರ ಕಾಯ್ದೆ ಅದನ್ನು ದಕ್ಷಿಣಕ್ಕೂ ವಿಸ್ತರಿಸಿತು. ಯಾರೋ ಒಬ್ಬ ಒಂದು ದಿನ ‘ಕದ್ದ’ ಎಂಬ ಭೂತಕಾಲದ ಆರೋಪಕ್ಕೆ ಸಾಕ್ಷಿ ಬೇಕು, ವಿಚಾರಣೆ ಬೇಕು. ‘ಇವರು ಕದಿಯುವವರು’ ಎಂಬುದಕ್ಕೆ ಯಾವುದೂ ಬೇಕಾಗಲಿಲ್ಲ. ಏನೂ ಮಾಡದವನೂ ಪೊಲೀಸರ ಮುಂದೆ ಹಾಜರಿ ಹಾಕಬೇಕಾಯಿತು. ಅಂಥವರನ್ನು ಕೂಡಿಹಾಕಿದ ‘ಸೆಟ್ಲ್‌ಮೆಂಟ್’ಗಳಲ್ಲಿ ಒಂದು ಹುಬ್ಬಳ್ಳಿಯಲ್ಲಿತ್ತು. ಸ್ವತಂತ್ರ ಭಾರತ ಈ ಕಾಯ್ದೆಯನ್ನು ರದ್ದು ಮಾಡಿದ್ದು 1952ರ ಆಗಸ್ಟ್ 31ರಂದು. ವಿಮುಕ್ತ ಸಮುದಾಯಗಳು ಆ ದಿನವನ್ನು ಇಂದಿಗೂ ಬಿಡುಗಡೆಯ ದಿನವೆಂದು ಆಚರಿಸುತ್ತವೆ.

ಧರ್ಮದೊಳಗಿನಿಂದಲೇ ಈ ವರ್ತಮಾನವನ್ನು ಮುರಿದವರು ಇದ್ದರು ಎಂಬುದನ್ನು ಮರೆಯಬಾರದು. ಪಾಲಿಯ ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ಯುವಕರು ಬುದ್ಧನ ಬಳಿ ಬಂದು, ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂದು ಕೇಳುತ್ತಾರೆ. ಗಿಡಮರ, ಪ್ರಾಣಿಪಕ್ಷಿಗಳಲ್ಲಿ ಜಾತಿಯ ಗುರುತು ದೇಹದಲ್ಲೇ ಇದೆ, ಮನುಷ್ಯರಲ್ಲಿ ಹಾಗಿಲ್ಲ. ಒಬ್ಬ ಏನು ಮಾಡಿ ಬದುಕುತ್ತಾನೋ ಅದೇ ಅವನ ಗುರುತು ಎಂದು ಬುದ್ಧ ಉತ್ತರಿಸುತ್ತಾನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಪ್ರಸಿದ್ಧ ವಚನವೊಂದು ಕಮ್ಮಾರ, ಮಡಿವಾಳ, ನೇಕಾರ, ವೇದ ಓದುವ ಬ್ರಾಹ್ಮಣ ಈ ನಾಲ್ವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಪ್ರತಿಯೊಬ್ಬನೂ ತನ್ನ ಕೆಲಸದಿಂದ ಹಾಗೆ ‘ಆದ’ ಎನ್ನುತ್ತದೆ. ಬಳಕೆಯಾದದ್ದು ಭೂತಕಾಲ. ಆದದ್ದಕ್ಕೆ ಆರಂಭ ಇದೆ, ಆರಂಭ ಇದ್ದದ್ದು ಬೇರೆ ಥರವೂ ಆಗಬಹುದಿತ್ತು. ಹುಟ್ಟಿನ ‘ಆಗಿದ್ದಾನೆ’ಯನ್ನು ದುಡಿಮೆಯ ‘ಆದ’ಕ್ಕೆ ಇಳಿಸಿದ ಆ ವ್ಯಾಕರಣ ಜಾತಿವ್ಯವಸ್ಥೆಯ ಬುಡಕ್ಕೇ ಕೈ ಹಾಕಿತು.

ದೇವರ ಬಗ್ಗೆ ನಿತ್ಯ ವರ್ತಮಾನ ಸರಿಯೋ ಎಂಬ ಚರ್ಚೆಯಲ್ಲಿ ಬೊಯಿಥಿಯಸ್‌ನಿಗೂ ಪ್ರಯರ್‌ಗೂ ಸಮಾನ ಗೌರವ ಸಲ್ಲಬೇಕು; ಅಲ್ಲಿ ಯಾರ ಕಡೆ ವಾಲಿದರೂ ನೋಯುವವರಿಲ್ಲ. ಮನುಷ್ಯರ ವಿಷಯದಲ್ಲಿ ಆ ರಿಯಾಯಿತಿ ಇಲ್ಲ. ಹುಟ್ಟಿ, ಬದಲಾಗಿ, ಸಾಯುವವರ ಬಗ್ಗೆ ‘ಅವರು ಹಾಗೆಯೇ’ ಎನ್ನುವುದು ತಪ್ಪು ಜ್ಞಾನ, ಜೊತೆಗೆ ಅನ್ಯಾಯ. ಪ್ರವಚನ ಮಾಡುವವರು, ಪಠ್ಯಪುಸ್ತಕ ಬರೆಯುವವರು, ಮನೆಯಲ್ಲಿ ಮಕ್ಕಳೆದುರು ಮಾತಾಡುವ ಹಿರಿಯರು ಇದನ್ನು ಗಮನದಲ್ಲಿಡಬೇಕು. ಒಂದು ಜಾತಿ, ಒಂದು ಧರ್ಮ, ಒಂದು ಊರು, ಹೆಂಗಸರು, ಗಂಡಸರು ಎಂದು ಶುರುವಾಗುವ ವಾಕ್ಯ ‘ಮಾಡುತ್ತಾರೆ’ ಎಂದು ಮುಗಿದಾಗಲೆಲ್ಲ ಕೇಳುಗರು ಕೇಳಲಿ: ಯಾರು ಮಾಡಿದರು, ಯಾವಾಗ ಮಾಡಿದರು, ಎಷ್ಟು ಜನ ಮಾಡಿದರು? ಉತ್ತರ ಸಿಕ್ಕರೆ ಆ ಉತ್ತರವನ್ನೇ ಹೇಳೋಣ. ಸಿಗದಿದ್ದರೆ ಆ ವಾಕ್ಯವನ್ನು ಮಕ್ಕಳಿಗೆ ಕಲಿಸುವುದು ಬೇಡ.